'1848' ಅಂತ ಇದ್ರೆ 1848ರದ್ದೇ ಅಂತಲ್ಲ

ಲಂಡನ್‌ನಲ್ಲಿರೋ ಕೇಳುಗರೊಬ್ಬರು ಫೋಟೋ ಕಳಿಸಿದ್ದಾರೆ. ಗಾಜಿನ ಪೇಪರ್‌ವೇಟ್, ಒಳಗೆ ಸುತ್ತುಸುತ್ತಾಗಿ ಬಣ್ಣದ ಹೂಗಳು, ನಡುವೆ ಎಲ್ಲೋ ಪುಟ್ಟದಾಗಿ 1848. ವಿಕ್ಟೋರಿಯಾ ಕಾಲದ ವೈಟ್‌ಫ್ರಯರ್ಸ್ ಕಾರ್ಖಾನೆಯದು ಅಂತ ಮಾರೋರು ಅದಕ್ಕೆ ತಕ್ಕ ರೇಟೇ ಕೇಳ್ತಿದ್ದಾರಂತೆ. ತಗೊಳ್ಳಬಹುದಾ? ಆ ರೇಟಿಗೆ ಬೇಡ ಅಂತೀನಿ ನಾನು.

ಯಾಕೆ ಅಂದ್ರೆ, ಒಳಗಿನ ಹೂವು ಬರೆದಿದ್ದಲ್ಲ, ಕತ್ತರಿಸಿದ್ದು. ಬಣ್ಣದ ಗಾಜಿನ ಕಡ್ಡಿಗಳನ್ನ ಕಟ್ಟಾಗಿ ಸೇರಿಸಿ, ಕಾಯಿಸಿ, ಉದ್ದಕ್ಕೆ ಎಳೆದು, ಬಿಲ್ಲೆ ಮಾಡ್ತಾರೆ. ಪತ್ರೊಡೆ ಸುರುಳಿ ಕೊಯ್ದಾಗ ಪ್ರತಿ ತುಂಡಲ್ಲೂ ಅದೇ ಚಿತ್ತಾರ ಬರುತ್ತಲ್ಲ, ಹಾಗೆ. ಅಂಕಿ ಕೂಡ ಹಾಗೇ ಮಾಡಿದ ಬಿಲ್ಲೆ. ಯಾವ ವರ್ಷದಲ್ಲಿ ಕೂತು ಯಾವ ಇಸವಿ ಬೇಕಾದ್ರೂ ಹಾಕಬಹುದು!

ಈ 1848ರ ತುಂಡುಗಳು ವೈಟ್‌ಫ್ರಯರ್ಸ್‌ದೇ ಅಂತ ಬಹಳ ಕಾಲ ನಂಬಿದ್ರು. ಬಿಲ್ಲೆಗಳನ್ನ ಹೋಲಿಸಿ ನೋಡಿದ ಸಂಶೋಧಕರು ಈಗ ಇವು 20ನೇ ಶತಮಾನದವು, ಬರ್ಮಿಂಗ್‌ಹ್ಯಾಮ್‌ನ ಆರ್ಕ್ಯುಲಸ್ ಮತ್ತು ವಾಲ್ಶ್ ವಾಲ್ಶ್ ಕಾರ್ಖಾನೆಗಳವು ಅಂತಾರೆ. ವೈಟ್‌ಫ್ರಯರ್ಸ್‌ನ 1970ರ ದಶಕದ ತುಂಡುಗಳನ್ನ ಗುರುತಿಸೋದು ಸುಲಭ: ಪುಟ್ಟ ಬಿಳಿ ಸನ್ಯಾಸಿಯ ಗುರುತು, ಜೊತೆಗೆ ವರ್ಷ.

ಹಾಗಾದ್ರೆ ನಿಜವಾದ ಹಳೇ ಇಂಗ್ಲಿಷ್ ಪೇಪರ್‌ವೇಟ್ ಇಲ್ವಾ? ಇದೆ. ಬ್ರಿಟನ್‌ನಲ್ಲಿ ಗಾಜಿಗೆ ತೂಕದ ಮೇಲೆ ತೆರಿಗೆ ಇತ್ತು, 1845ರಲ್ಲಿ ಹೋಯ್ತು. ಗಟ್ಟಿ ಗಾಜಿನ ಉಂಡೆಗೆ ತೂಕದ ತೆರಿಗೆ! (ಕಾಮರ್ಸ್ ಓದಿದವನು, ಇದನ್ನ ಬಿಟ್ಟು ಮುಂದೆ ಹೋಗೋಕಾಗಲ್ಲ.) ಆಮೇಲೆ ಬರ್ಮಿಂಗ್‌ಹ್ಯಾಮ್‌ನ ಬ್ಯಾಕಸ್ ಕಂಪನಿ ತಿಳಿಬಣ್ಣದ ಹೂಗಳಿರೋ ದೊಡ್ಡ ತುಂಡುಗಳನ್ನ ಮಾಡ್ತು. ಯಾರ್ಕ್‌ಶೈರ್ ಕಡೆಯವು ಬೇರೆ ಥರ: ಬಾಟಲಿ ಗಾಜಿನ ಹಸಿರು, ಒಳಗೆ ಗುಳ್ಳೆಗಳು. ಕೆಲವುಗಳ ತಳದಲ್ಲಿ ವೇಕ್‌ಫೀಲ್ಡ್‌ನ ಕಿಲ್ನರ್ ಹೆಸರಿನ ಅಚ್ಚು ಇರುತ್ತೆ.

ಒಂದು ಪರೀಕ್ಷೆ ಮನೆಯಲ್ಲೇ ಆಗುತ್ತೆ. ಅಡುಗೆಮನೆ ತಕ್ಕಡಿಯಲ್ಲಿ ಪೇಪರ್‌ವೇಟ್ ತೂಗಿ, 600 ಗ್ರಾಂ ಅಂತಿಟ್ಟುಕೊಳ್ಳಿ. ನೀರಿನ ಪಾತ್ರೆಯನ್ನ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಪೇಪರ್‌ವೇಟನ್ನ ದಾರದಲ್ಲಿ ಕಟ್ಟಿ, ತಳ ಮುಟ್ಟದ ಹಾಗೆ ಪೂರ್ತಿ ಮುಳುಗಿಸಿ. 190 ತೋರಿಸಿದ್ರೆ 600 ಭಾಗಿಸು 190, ಸುಮಾರು 3.16. ಮೂರರ ಮೇಲೆ ಬಂದ್ರೆ ಸೀಸ ಬೆರೆತ ಗಾಜು. 2.5ರ ಹತ್ತಿರ ಬಂದ್ರೆ ಸಾದಾ ಗಾಜು. 1930ರ ದಶಕದ ಚೀನಾ ನಕಲುಗಳು ಈ ಜಾತಿ. ಆದ್ರೆ ವಾಲ್ಶ್ ತುಂಡೂ ಸೀಸದ ಗಾಜೇ. ಹಾಗಾಗಿ ಇದು ನಕಲನ್ನ ಹಿಡಿಯುತ್ತೆ, ವಯಸ್ಸನ್ನಲ್ಲ.

ವಯಸ್ಸಿಗೆ ಲೆನ್ಸ್ ಹಿಡಿದು ತಳ ನೋಡಿ. ಮೇಜಿನ ಮೇಲೆ ವರ್ಷಗಟ್ಟಲೆ ಸರಿದಾಡಿದ ಗೆರೆ ದಿಕ್ಕಾಪಾಲಾಗಿ, ನೆಲ ತಾಗೋ ಅಂಚಿನಲ್ಲಿ ಮಾತ್ರ ಇರುತ್ತೆ. ಎಲ್ಲಾ ಒಂದೇ ದಿಕ್ಕಿಗಿದ್ರೆ ಯಾರೋ ಉಪ್ಪುಕಾಗದ ತಿಕ್ಕಿದ್ದಾರೆ.