ದಂತ ಪುನಃಸ್ಥಾಪನ ಚಿಕಿತ್ಸೆ

ದಂತ ಪುನಃಸ್ಥಾಪನ ಚಿಕಿತ್ಸೆ ಎಂಬುದು ಹುಳುಕು, ಪೆಟ್ಟು ಅಥವಾ ಸವೆತದಿಂದ ಕೆಟ್ಟ ಹಲ್ಲನ್ನು ದುರಸ್ತಿಗೊಳಿಸುವ ಹಾಗೂ ಬಿದ್ದುಹೋದ ಹಲ್ಲಿನ ಸ್ಥಾನದಲ್ಲಿ ಕೃತಕ ಹಲ್ಲನ್ನು ಅಳವಡಿಸುವ ದಂತವೈದ್ಯ ವಿಧಾನಗಳ ಒಟ್ಟು ಹೆಸರು. ಆಡುಮಾತಿನಲ್ಲಿ ಹಲ್ಲು ತುಂಬಿಸುವುದು, ಹಲ್ಲು ಕಟ್ಟಿಸುವುದು, ಸೆಟ್ಟು ಹಾಕಿಸುವುದು ಎಂದು ಹೇಳುವುದೆಲ್ಲವೂ ಇದರಲ್ಲಿ ಸೇರುತ್ತದೆ.

ಹಲ್ಲಿನ ಸ್ವಭಾವ

ಮುರಿದ ಮೂಳೆ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಗಾಯಗೊಂಡ ಚರ್ಮ ಮಾಯುತ್ತದೆ. ಆದರೆ ಹಲ್ಲಿನ ಹೊರಕವಚವಾದ ಎನಾಮೆಲ್ ಹಾಗಲ್ಲ. ಅದು ಮಾನವ ದೇಹದ ಅತ್ಯಂತ ಗಟ್ಟಿಯಾದ ವಸ್ತುವಾಗಿದ್ದರೂ ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಒಸಡಿನಿಂದ ಹೊರಬರುವ ವೇಳೆಗೆ ನಾಶವಾಗಿರುತ್ತವೆ. ಹುಳುಕಿನ ಮೊದಲ ಹಂತವಾದ ಬಿಳಿಯ ಮಚ್ಚೆಯನ್ನು ಲಾಲಾರಸದ ಖನಿಜಗಳೂ ಫ್ಲೋರೈಡ್ ಇರುವ ಪೇಸ್ಟೂ ಮತ್ತೆ ಗಟ್ಟಿಗೊಳಿಸಬಲ್ಲವು. ಕುಳಿ ಬಿದ್ದ ಮೇಲೆ ಅದು ತಾನಾಗಿ ತುಂಬಿಕೊಳ್ಳುವುದಿಲ್ಲ. ಆದ್ದರಿಂದ ಪುನಃಸ್ಥಾಪನೆಯೆಂದರೆ ಹೊರಗಿನ ವಸ್ತುವಿನಿಂದ ತೇಪೆ ಹಾಕುವುದೇ ಹೊರತು ಹಲ್ಲನ್ನು ಮತ್ತೆ ಬೆಳೆಸುವುದಲ್ಲ. ತೇಪೆ ಹಾಕಲು ಹಲ್ಲನ್ನು ಸ್ವಲ್ಪವಾದರೂ ಕೊರೆಯಬೇಕಾಗುತ್ತದೆ; ಹಳೆಯ ತೇಪೆ ಬದಲಿಸುವಾಗ ಕುಳಿ ಸಾಮಾನ್ಯವಾಗಿ ಮೊದಲಿಗಿಂತ ದೊಡ್ಡದಾಗುತ್ತದೆ. ನೋವಿಲ್ಲದ ಸಣ್ಣ ಕುಳಿಯನ್ನೇ ತುಂಬಿಸಿಕೊಳ್ಳಬೇಕೆಂದು ವೈದ್ಯರು ಒತ್ತಾಯಿಸುವುದು ಇದೇ ಕಾರಣಕ್ಕೆ. ನೋವು ಕಾಣಿಸಿಕೊಳ್ಳುವ ಹೊತ್ತಿಗೆ ಹುಳುಕು ಹೆಚ್ಚಾಗಿ ಒಳಗಿನ ದಂತಮಜ್ಜೆಯ ಸಮೀಪಕ್ಕೆ ತಲಪಿರುತ್ತದೆ.

ಹಲ್ಲು ತುಂಬುವಿಕೆ

ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಬಳಕೆಯಲ್ಲಿರುವ ವಸ್ತುವೆಂದರೆ ಅಮಾಲ್ಗಮ್. ಬೆಳ್ಳಿ, ತವರ, ತಾಮ್ರಗಳ ಪುಡಿಯನ್ನು ಪಾದರಸದೊಡನೆ ಬೆರೆಸಿ ಇದನ್ನು ತಯಾರಿಸುತ್ತಾರೆ. ತೂಕದಲ್ಲಿ ಸುಮಾರು ಅರ್ಧ ಪಾದರಸವೇ ಇರುತ್ತದೆ. ಇದು ಬಲು ಬಾಳಿಕೆಯುಳ್ಳದ್ದು, ಅಗ್ಗವಾದುದು. ಆದರೆ ಪಾದರಸದಿಂದ ಪರಿಸರಕ್ಕೆ ಆಗುವ ಹಾನಿಯ ಕಾರಣ, ೨೦೧೭ರಲ್ಲಿ ಜಾರಿಗೆ ಬಂದ ಮಿನಾಮಾಟಾ ಅಂತರರಾಷ್ಟ್ರೀಯ ಒಪ್ಪಂದವು ಇದರ ಬಳಕೆಯನ್ನು ಕ್ರಮೇಣ ಕಡಿಮೆ ಮಾಡಲು ಸೂಚಿಸಿತು.

ಹಲ್ಲಿನ ಬಣ್ಣವನ್ನೇ ಹೋಲುವ ಕಾಂಪೊಸಿಟ್ ರಾಳವು ಇಂದು ಹೆಚ್ಚು ಪ್ರಚಲಿತ. ೧೯೫೫ರಲ್ಲಿ ಅಮೆರಿಕದ ಮೈಕೆಲ್ ಬುವಾನೊಕೋರ್ ಎಂಬವರು, ಎನಾಮೆಲ್ಲಿನ ಮೇಲೆ ಆಮ್ಲ ಸವರಿದರೆ ಸೂಕ್ಷ್ಮ ರಂಧ್ರಗಳು ಮೂಡಿ ರಾಳ ಭದ್ರವಾಗಿ ಕಚ್ಚಿಕೊಳ್ಳುತ್ತದೆಂದು ತೋರಿಸಿಕೊಟ್ಟರು. ಅಮಾಲ್ಗಮ್ ನಿಲ್ಲಬೇಕಾದರೆ ಕುಳಿಯನ್ನು ಒಳಗೆ ಅಗಲವಾಗಿ ಕೊರೆಯಬೇಕಿತ್ತು. ಅಂಟಿಕೊಳ್ಳುವ ವಸ್ತುವಿಗೆ ಅದು ಬೇಕಿಲ್ಲ. ಹೀಗಾಗಿ ಈ ಆವಿಷ್ಕಾರದ ನಿಜವಾದ ಲಾಭ ಅಂದಕ್ಕಿಂತ ಹೆಚ್ಚಾಗಿ ಆರೋಗ್ಯವಂತ ಹಲ್ಲಿನ ಉಳಿತಾಯ. ಫ್ಲೋರೈಡನ್ನು ನಿಧಾನವಾಗಿ ಹೊರಸೂಸುವ ಗ್ಲಾಸ್ ಅಯೊನೊಮರ್ ಸಿಮೆಂಟ್ ೧೯೭೦ರ ದಶಕದಲ್ಲಿ ಬಂದಿತು. ವಿದ್ಯುತ್ತೂ ಕೊರೆಯುವ ಯಂತ್ರವೂ ಇಲ್ಲದ ಊರುಗಳಲ್ಲಿ ಕೈ ಉಪಕರಣಗಳಿಂದಲೇ ಹುಳುಕು ಕೆರೆದು ಇದನ್ನು ತುಂಬುವ ಪದ್ಧತಿಯು ೧೯೮೦ರ ದಶಕದಲ್ಲಿ ತಾಂಜಾನಿಯಾದಲ್ಲಿ ರೂಪುಗೊಂಡಿತು.

ಬೇರುನಾಳ ಚಿಕಿತ್ಸೆ ಮತ್ತು ಕ್ಯಾಪು

ದಂತಮಜ್ಜೆಯೇ ಸೋಂಕಿಗೆ ಒಳಗಾದರೆ ಅದನ್ನು ತೆಗೆದು, ನಾಳಗಳನ್ನು ಶುದ್ಧಗೊಳಿಸಿ, ಗಟ್ಟಾಪರ್ಚಾ ಎಂಬ ಮರದ ಹಾಲಿನಿಂದ ದೊರೆಯುವ ಅಂಟಿನಿಂದ ಮುಚ್ಚುತ್ತಾರೆ. ಇದೇ ಜನಸಾಮಾನ್ಯರು ರೂಟ್ ಕೆನಾಲ್ ಎಂದು ಹೆದರುವ ಚಿಕಿತ್ಸೆ. ಮರಗಟ್ಟಿಸುವ ಔಷಧಿಯ ನಂತರ ಇದನ್ನು ಮಾಡುವುದರಿಂದ ಸೋಂಕಿನ ನೋವಿಗೆ ಹೋಲಿಸಿದರೆ ಚಿಕಿತ್ಸೆಯ ನೋವು ಅಲ್ಪ. ಅನಂತರ ದವಡೆ ಹಲ್ಲಿಗೆ ಸಾಮಾನ್ಯವಾಗಿ ಲೋಹದ, ಪಿಂಗಾಣಿಯ ಅಥವಾ ಜಿರ್ಕೋನಿಯಾದ ಕ್ಯಾಪು ತೊಡಿಸುತ್ತಾರೆ. ನೋವು ಹೋಯಿತೆಂದು ಕ್ಯಾಪು ಹಾಕಿಸದೆ ಬಿಡುವವರು ಬಹಳ. ಹುಳುಕಿಗೂ ಚಿಕಿತ್ಸೆಗೂ ಒಳಭಾಗವನ್ನು ಕಳೆದುಕೊಂಡ ಅಂಥ ಹಲ್ಲು ಅಗಿಯುವಾಗ ಸೀಳಿಹೋಗಬಹುದು; ಸೀಳು ಬೇರಿಗೆ ಇಳಿದರೆ ಕೀಳುವುದಲ್ಲದೆ ಬೇರೆ ದಾರಿ ಇರುವುದಿಲ್ಲ.

ಹಲ್ಲು ಹೋದ ಮೇಲೆ

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇಂದಿಗೂ ಇದೆ. ಹಲ್ಲಿನ ನರವೇ ಬೇರೆ, ದೃಷ್ಟಿಯ ನರವೇ ಬೇರೆ, ಇವೆರಡಕ್ಕೂ ಸಂಬಂಧವಿಲ್ಲ. ನಿಜವಾದ ನಷ್ಟ ದವಡೆಯ ಮೂಳೆಗೆ. ಹಲ್ಲನ್ನು ಹಿಡಿದಿರುವ ಮೂಳೆಯ ಏಣು ಅಗಿಯುವ ಒತ್ತಡದಿಂದಲೇ ಉಳಿದುಬಂದಿರುತ್ತದೆ. ಹಲ್ಲು ಕಿತ್ತ ಮೊದಲ ವರ್ಷದಲ್ಲಿಯೇ ಆ ಏಣಿನ ಅಗಲ ಸುಮಾರು ಅರ್ಧದಷ್ಟು ಕುಗ್ಗಬಹುದು. ಪಕ್ಕದ ಹಲ್ಲುಗಳು ತೆರವಿನತ್ತ ವಾಲುತ್ತವೆ, ಎದುರು ಸಾಲಿನ ಹಲ್ಲು ಆಧಾರವಿಲ್ಲದೆ ಮುಂದಕ್ಕೆ ಬರುತ್ತದೆ. ಎಲ್ಲ ಹಲ್ಲುಗಳೂ ಹೋದ ವೃದ್ಧರ ಕೆನ್ನೆ, ತುಟಿಗಳು ಒಳಸರಿದು ಮುಖವೇ ಕುಗ್ಗಿದಂತೆ ಕಾಣುವುದು ವಯಸ್ಸಿನಿಂದ ಮಾತ್ರವಲ್ಲ, ಈ ಮೂಳೆ ಕರಗಿರುವುದರಿಂದ.

ಸೇತುವೆ ಮತ್ತು ದಂತಪಂಕ್ತಿ

ಒಂದೆರಡು ಹಲ್ಲು ಹೋದಾಗ ಎರಡೂ ಪಕ್ಕದ ಹಲ್ಲುಗಳನ್ನು ತೇದು, ಅವುಗಳ ಆಧಾರದ ಮೇಲೆ ಕೃತಕ ಹಲ್ಲನ್ನು ಸ್ಥಿರವಾಗಿ ಕೂರಿಸುವುದು ಸೇತುವೆ ಅಥವಾ ಬ್ರಿಡ್ಜ್. ಒಂದು ಹಲ್ಲಿಗಾಗಿ ಎರಡು ಒಳ್ಳೆಯ ಹಲ್ಲುಗಳನ್ನು ತೇಯಬೇಕಾಗುವುದೇ ಇದರ ದೊಡ್ಡ ಕೊರತೆ.

ತೆಗೆದು ಹಾಕಬಹುದಾದ ದಂತಪಂಕ್ತಿಯ ಇತಿಹಾಸ ದೀರ್ಘವಾದುದು. ೧೫೩೮ರಲ್ಲಿ ನಿಧನಳಾದ ಜಪಾನಿನ ವಕಾಯಾಮಾದ ಬೌದ್ಧ ಸನ್ಯಾಸಿನಿಯೊಬ್ಬಳ ದಂತಪಂಕ್ತಿಯನ್ನು ಮರದಲ್ಲಿ ಕೆತ್ತಲಾಗಿತ್ತು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ೧೭೮೯ರಲ್ಲಿ ಅಧಿಕಾರ ವಹಿಸಿಕೊಂಡಾಗ ಅವರ ಬಾಯಲ್ಲಿ ಉಳಿದಿದ್ದುದು ಒಂದೇ ಸ್ವಂತ ಹಲ್ಲು. ಅವರದು ಮರದ ಹಲ್ಲೆಂಬ ಕಥೆ ಸುಳ್ಳು, ನೀರಾನೆಯ ದಂತ ಮತ್ತು ಮನುಷ್ಯರ ಹಲ್ಲುಗಳನ್ನು ಅದಕ್ಕೆ ಬಳಸಲಾಗಿತ್ತು. ೧೮೧೫ರ ವಾಟರ್‌ಲೂ ಯುದ್ಧದಲ್ಲಿ ಮಡಿದ ಸೈನಿಕರ ಹಲ್ಲುಗಳೂ ಯುರೋಪಿನಲ್ಲಿ ಸಿರಿವಂತರ ಬಾಯಿ ಸೇರಿದವು. ೧೯ನೆಯ ಶತಮಾನದ ಮಧ್ಯಭಾಗದಲ್ಲಿ ಗಟ್ಟಿ ರಬ್ಬರೂ ೧೯೩೦ರ ದಶಕದಲ್ಲಿ ಅಕ್ರಿಲಿಕ್ಕೂ ಬಂದ ಮೇಲೆಯೇ ಸೆಟ್ಟು ಸಾಮಾನ್ಯರ ಕೈಗೆಟುಕಿತು. ಕರ್ನಾಟಕದಲ್ಲಿ ಬಡತನ ರೇಖೆಗಿಂತ ಕೆಳಗಿರುವ ಹಿರಿಯರಿಗೆ ದಂತವೈದ್ಯ ಕಾಲೇಜುಗಳ ಮೂಲಕ ಉಚಿತವಾಗಿ ದಂತಪಂಕ್ತಿ ನೀಡುವ ‘ದಂತಭಾಗ್ಯ’ ಎಂಬ ಸರ್ಕಾರಿ ಯೋಜನೆ ಆರಂಭವಾಯಿತು.

ಸೆಟ್ಟಿನ ಅಗಿಯುವ ಶಕ್ತಿ ಸಹಜ ಹಲ್ಲುಗಳಿಗಿಂತ ಬಹಳ ಕಡಿಮೆ. ಮೊದಮೊದಲು ಮಾತು ತೊದಲುತ್ತದೆ, ಒಸಡು ಹುಣ್ಣಾಗುತ್ತದೆ. ಎಷ್ಟೋ ಹಿರಿಯರು ಆ ವಾರಗಳಲ್ಲೇ ಬೇಸತ್ತು ಸೆಟ್ಟನ್ನು ಡಬ್ಬಿಯಲ್ಲಿಟ್ಟುಬಿಡುತ್ತಾರೆ. ವೈದ್ಯರ ಬಳಿ ಮರಳಿ ಹೋಗಿ ಒತ್ತುವ ಜಾಗವನ್ನು ತೇಯಿಸಿಕೊಂಡರೆ ಇದು ನಿವಾರಣೆಯಾಗುತ್ತದೆ. ರಾತ್ರಿ ತೆಗೆದು ಉಜ್ಜಿ ನೀರಿನಲ್ಲಿಡಬೇಕು. ಇಲ್ಲವಾದರೆ ಅಂಗುಳಿನಲ್ಲಿ ಶಿಲೀಂಧ್ರದ ಸೋಂಕು ಹತ್ತುವುದುಂಟು. ಬಿಸಿನೀರಿನಿಂದ ಸೆಟ್ಟಿನ ಆಕಾರ ಕೆಡುತ್ತದೆ. ಮೂಳೆ ಕರಗುತ್ತಲೇ ಇರುವುದರಿಂದ ಕೆಲವು ವರ್ಷಗಳಿಗೊಮ್ಮೆ ಅದನ್ನು ಮತ್ತೆ ಹೊಂದಿಸಬೇಕಾಗುತ್ತದೆ.

ದಂತ ಇಂಪ್ಲಾಂಟ್

ಇಂಪ್ಲಾಂಟ್ ಎಂದರೆ ದವಡೆಯ ಮೂಳೆಯೊಳಗೆ ನೆಡುವ ಟೈಟಾನಿಯಂ ತಿರುಪು. ಅದರ ಮೇಲೆ ಕೃತಕ ಹಲ್ಲನ್ನು ಕೂರಿಸುತ್ತಾರೆ. ಇದರ ಮೂಲತತ್ತ್ವ ದೊರೆತುದು ಆಕಸ್ಮಿಕವಾಗಿ. ೧೯೫೨ರಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವಿಜ್ಞಾನಿ ಮೂಳೆಯ ರಕ್ತಸಂಚಾರವನ್ನು ನೋಡಲು ಮೊಲದ ಕಾಲಿನಲ್ಲಿ ಟೈಟಾನಿಯಂನ ಸಣ್ಣ ಕೋಶವನ್ನು ಇರಿಸಿದ್ದರು. ಪ್ರಯೋಗ ಮುಗಿದ ಮೇಲೆ ದುಬಾರಿಯಾದ ಆ ಕೋಶವನ್ನು ತೆಗೆಯಹೋದರೆ ಅದು ಬರಲಿಲ್ಲ. ಮೂಳೆ ಲೋಹದೊಡನೆ ಬೆಸೆದುಕೊಂಡಿತ್ತು. ೧೯೬೫ರಲ್ಲಿ ಅವರು ಗೋಥೆನ್‌ಬರ್ಗಿನಲ್ಲಿ, ಹುಟ್ಟಿನಿಂದಲೇ ದವಡೆಯ ದೋಷವಿದ್ದ ಗೋಸ್ಟಾ ಲಾರ್ಸನ್ ಎಂಬವರಿಗೆ ಇಂಪ್ಲಾಂಟ್ ಅಳವಡಿಸಿದರು. ಲಾರ್ಸನ್ ೨೦೦೬ರಲ್ಲಿ ತೀರಿಕೊಳ್ಳುವವರೆಗೂ ಅವು ಕೆಲಸ ಮಾಡಿದವು. ಆದರೂ ದಂತವೈದ್ಯ ಲೋಕ ಇದನ್ನು ವ್ಯಾಪಕವಾಗಿ ಒಪ್ಪಿದ್ದು ೧೯೮೨ರ ಟೊರೊಂಟೊ ಸಮ್ಮೇಳನದ ತರುವಾಯವೇ.

ತಿರುಪು ಮೂಳೆಯೊಡನೆ ಬೆಸೆಯಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಪಕ್ಕದ ಹಲ್ಲುಗಳನ್ನು ತೇಯಬೇಕಿಲ್ಲ, ಮೂಳೆಯ ಕರಗುವಿಕೆಯೂ ತಗ್ಗುತ್ತದೆ. ಧೂಮಪಾನಿಗಳಲ್ಲಿಯೂ ಹತೋಟಿಯಿಲ್ಲದ ಮಧುಮೇಹವಿರುವವರಲ್ಲಿಯೂ ಇದು ವಿಫಲವಾಗುವ ಸಂಭವ ಹೆಚ್ಚು. ಮೂಳೆ ಸವೆತಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಇಂಪ್ಲಾಂಟಿಗೆ ಹುಳುಕು ಹಿಡಿಯದು, ಆದರೆ ಸುತ್ತಲಿನ ಒಸಡಿಗೂ ಮೂಳೆಗೂ ಸೋಂಕು ತಗಲಬಹುದು. ಉಜ್ಜುವ ಕೆಲಸ ತಪ್ಪುವುದಿಲ್ಲ.

ಪೆಟ್ಟಿನಿಂದ ಉದುರಿದ ಹಲ್ಲು

ಕಳೆದುಕೊಂಡ ಹಲ್ಲನ್ನೇ ಮರಳಿ ಸ್ವಸ್ಥಾನದಲ್ಲಿ ನಿಲ್ಲಿಸಬಹುದಾದ ಒಂದು ಸಂದರ್ಭವಿದೆ. ಆಟದ ಮೈದಾನದಲ್ಲಿ ಬಿದ್ದು ಮಗುವಿನ ಶಾಶ್ವತ ಬಾಚಿಹಲ್ಲು ಬೇರುಸಹಿತ ಹೊರಬಂದರೆ, ಬೇರನ್ನು ಮುಟ್ಟದೆ ಬೆಳ್ಳನೆಯ ಮೇಲ್ಭಾಗವನ್ನು ಹಿಡಿದೆತ್ತಬೇಕು. ಕೊಳೆಯಾಗಿದ್ದರೆ ಉಜ್ಜದೆ, ಹಾಲಿನಲ್ಲಿ ಅಥವಾ ತಣ್ಣೀರಿನಲ್ಲಿ ಕ್ಷಣಕಾಲ ತೊಳೆದು, ಅದೇ ಗೂಡಿನಲ್ಲಿ ಕೂರಿಸಿ ಬಟ್ಟೆ ಕಚ್ಚಿಸಬೇಕು. ಅದು ಸಾಧ್ಯವಾಗದಿದ್ದರೆ ಹಲ್ಲನ್ನು ಹಾಲಿನಲ್ಲಿಟ್ಟು ಕೂಡಲೇ ದಂತವೈದ್ಯರಲ್ಲಿಗೆ ಕೊಂಡೊಯ್ಯಬೇಕು. ಕಾಗದದಲ್ಲೋ ಕರವಸ್ತ್ರದಲ್ಲೋ ಸುತ್ತಿಟ್ಟರೆ ಬೇರಿನ ಮೇಲಿನ ಜೀವಕೋಶಗಳು ಒಣಗಿ, ಒಂದು ಗಂಟೆಯೊಳಗೆ ಬಹುಪಾಲು ಸಾಯುತ್ತವೆ. ಸಕಾಲದಲ್ಲಿ ಕೂರಿಸಿದ ಹಲ್ಲನ್ನು ಪಕ್ಕದ ಹಲ್ಲುಗಳಿಗೆ ಸುಮಾರು ಎರಡು ವಾರ ಕಟ್ಟಿಡುತ್ತಾರೆ. ಹಾಲುಹಲ್ಲು ಉದುರಿದರೆ ಮಾತ್ರ ಅದನ್ನು ಮತ್ತೆ ಕೂರಿಸಬಾರದು. ಒಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿನ ಮೊಳಕೆಗೆ ಅದರಿಂದ ಪೆಟ್ಟಾಗಬಹುದು.