ಒಂದೇ ಬಟ್ಟಲು: ಆದಿ ಕ್ರೈಸ್ತರ ಸಹಭೋಜನದಲ್ಲಿ ದ್ರಾಕ್ಷಾರಸ

ಮೊದಲು ಪದದ ವಿಷಯ ಮುಗಿಸಿಬಿಡೋಣ. ನಮ್ಮ ಹೊಸೂರು, ಡೆಂಕಣಿಕೋಟೆ ಕಡೆ ‘ವೈನ್’ ಅಂದ ಕೂಡಲೇ ನೆನಪಾಗೋದು ಗಡಿಯಾಚೆಯ ಅತ್ತಿಬೆಲೆಯ ವೈನ್ ಶಾಪ್. ಅಲ್ಲಿ ಜನ ಕೇಳೋದು ಹೆಚ್ಚಾಗಿ ಬ್ರಾಂದಿ, ಅದು ಬೇರೆ ಮಾತು. ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿಯವರು 1937ರಲ್ಲಿ ಪಾನನಿಷೇಧವನ್ನು ಮೊದಲು ತಂದದ್ದು ಸೇಲಂ ಜಿಲ್ಲೆಗೆ. ಹೊಸೂರು ಆಗ ಅದರೊಳಗೇ ಇತ್ತು. ಹೀಗಾಗಿ ಕುಡಿತದ ಬಗ್ಗೆ ನಮಗೊಂದು ಮುಜುಗರ ಇದ್ದೇ ಇದೆ. ಕನ್ನಡ ಬೈಬಲಿನ ‘ದ್ರಾಕ್ಷಾರಸ’ ಆ ಮುಜುಗರವನ್ನು ಮೆಲ್ಲಗೆ ಮುಚ್ಚುತ್ತದೆ. ಕೇಳಿದರೆ ಬರೀ ಹಣ್ಣಿನ ರಸ ಅನ್ನಿಸುತ್ತದೆ.

ಆದರೆ ಆದಿ ಕ್ರೈಸ್ತರು ಕುಡಿದದ್ದು ಹುದುಗಿದ ಪಾನೀಯವೇ, ಸಾಮಾನ್ಯವಾಗಿ ನೀರು ಬೆರೆಸಿ. ನಮಗೆ ಮುದ್ದೆ, ಸಾರು ಹೇಗೋ ಅವರಿಗೆ ರೊಟ್ಟಿ, ದ್ರಾಕ್ಷಾರಸ ಹಾಗೆ. ಎರಡನೆಯ ಶತಮಾನದ ಮಧ್ಯದಲ್ಲಿ ರೋಮಿನ ಜಸ್ಟಿನ್ ತನ್ನ ಸಭೆಯ ಆರಾಧನೆಯನ್ನು ವಿವರಿಸುವಾಗ ನೀರು ಬೆರೆಸಿದ ಬಟ್ಟಲನ್ನೇ ಹೇಳುತ್ತಾನೆ. ‘ದಿದಖೆ’ ಎಂಬ ಹಳೆಯ ಕೈಪಿಡಿಯಲ್ಲಿ ಬಟ್ಟಲು ಮೊದಲು, ರೊಟ್ಟಿ ಆಮೇಲೆ. ಬರೀ ನೀರನ್ನೇ ಬಳಸಿದವರೂ ಇದ್ದರು. ಮೂರನೆಯ ಶತಮಾನದಲ್ಲಿ ಕಾರ್ಥೇಜಿನ ಸಿಪ್ರಿಯನ್ ಅದನ್ನು ಖಂಡಿಸಿ ಉದ್ದದ ಪತ್ರವನ್ನೇ ಬರೆದ.

ಇನ್ನು ಕೊರಿಂಥದ ಜಗಳಕ್ಕೆ ಬರೋಣ. ಪೌಲನು ಸುಮಾರು ಕ್ರಿ.ಶ. 54ರಲ್ಲಿ ಅಲ್ಲಿನವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯ ನೋಡಿ. ಒಂದೇ ಮನೆಯಲ್ಲಿ ಸೇರಿದ್ದಾರೆ. ಒಬ್ಬ ಹಸಿದಿದ್ದಾನೆ, ಇನ್ನೊಬ್ಬನಿಗೆ ಅಮಲೇರಿದೆ. ಉಳ್ಳವರು ತಮ್ಮ ಊಟ ತಾವು ಮೊದಲೇ ಮುಗಿಸುತ್ತಿದ್ದರು, ಇಲ್ಲದವರಿಗೆ ಉಳಿಯುತ್ತಿದ್ದದ್ದು ಅವಮಾನ ಎಂದು ಗೆರ್ಡ್ ಥೀಸನ್‌ನಂಥ ವಿದ್ವಾಂಸರು ಓದುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಯಾಕೆಂದರೆ ಪೌಲನು ದ್ರಾಕ್ಷಾರಸ ಬಿಡಿ ಅನ್ನೋದೇ ಇಲ್ಲ. ಒಬ್ಬರಿಗಾಗಿ ಒಬ್ಬರು ಕಾಯಿರಿ ಅನ್ನುತ್ತಾನೆ. ತಪ್ಪು ಪಾನೀಯದಲ್ಲಿಲ್ಲ, ಬಡಿಸಿದ ರೀತಿಯಲ್ಲಿದೆ.

ಇದು ನಮಗೆ ದೂರದ ಮಾತಲ್ಲ. ತಮಿಳುನಾಡಿನ ಹಳ್ಳಿಗಳ ಟೀ ಅಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟ ಪದ್ಧತಿ ನಮಗೆಲ್ಲ ಗೊತ್ತು. ಅಂಥ ನೆಲದಲ್ಲಿ ಎಲ್ಲರೂ ಒಂದೇ ಬಟ್ಟಲಿಗೆ ತುಟಿ ಇಡೋದು ಸಣ್ಣ ಸಂಗತಿಯಲ್ಲ.

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ: ಚಿಕ್ಕ ಚಿಕ್ಕ ಲೋಟಗಳಲ್ಲಿ ಹಂಚಿದರೆ ಏನು ತೊಂದರೆ ಅಂತ. ಆ ಲೋಟಗಳು 1890ರ ದಶಕದ ಅಮೆರಿಕದಲ್ಲಿ ರೋಗಾಣುಗಳ ಭಯದಿಂದ ಬಂದವು. ಹುದುಗದ ರಸ ಅದಕ್ಕೂ ಮೊದಲು, 1869ರಲ್ಲಿ, ಥಾಮಸ್ ವೆಲ್ಚ್ ಎಂಬ ಮೆಥಡಿಸ್ಟ್ ದಂತವೈದ್ಯನಿಂದ ಬಂತು. ರಸ ಬದಲಾದದ್ದಕ್ಕೆ ನನ್ನ ತಕರಾರಿಲ್ಲ, ಕುಡಿತದಿಂದ ಮನೆ ಹಾಳಾದವರಿಗೆ ಅದು ಬೇಕು ಕೂಡ. ಲೋಟದ ವಿಷಯಕ್ಕೆ ಮಾತ್ರ, ನಮ್ಮೂರಲ್ಲಿ ಯಾರು ಯಾರ ಎಂಜಲಿಗೆ ಹೆದರುತ್ತಾರೆ ಅಂತ ಮೊದಲು ಕೇಳಬೇಕಾಗುತ್ತದೆ.