ವಾರ್ಡಿನಲ್ಲಿ ಹುಟ್ಟಿದ ವಿಶ್ವವಿದ್ಯಾಲಯ

ತಲೆಸ್ನಾನ ಮಾಡುವಾಗ ಮಾತ್ರ ಫಿಟ್ಸ್ ಬರುವ ಒಂದು ವಿಚಿತ್ರ ಕಾಯಿಲೆ ನಮ್ಮ ಹಳೆ ಮೈಸೂರು ಸೀಮೆಯಲ್ಲಿದೆ. ಹಂಡೆಯಿಂದ ಸುಡುಸುಡು ನೀರನ್ನು ಮೊಗೆಮೊಗೆದು ನೆತ್ತಿಗೆ ಸುರಿದುಕೊಳ್ಳುತ್ತಿರುವಾಗ ಕೆಲವರಿಗೆ ಕಣ್ಣು ಮಂಕಾಗುತ್ತದೆ, ಮಾತು ತಡವರಿಸುತ್ತದೆ. ಕೆಲವರು ಬಚ್ಚಲಲ್ಲೇ ಬಿದ್ದು ಕೈಕಾಲು ಸೆಳೆದುಕೊಳ್ಳುತ್ತಾರೆ. ಹೆಚ್ಚಿನವರಿಗೆ ಉಳಿದ ಹೊತ್ತಿನಲ್ಲಿ ಏನೂ ಇಲ್ಲ. ಹೀಗಾಗಿ ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿದವರೂ ಇದ್ದರು, ಯಾರಿಗೂ ಹೇಳದೆ ಮುಚ್ಚಿಟ್ಟವರೂ ಇದ್ದರು.

ವೈದ್ಯಕೀಯ ಗ್ರಂಥಗಳ ಪಾಲಿಗೆ ಇದು ಅಪರೂಪದಲ್ಲಿ ಅಪರೂಪ. 1945ರಲ್ಲಿ ನ್ಯೂಜಿಲೆಂಡಿನಿಂದ ಒಂದು ವರದಿ ಬಂದಿತ್ತು, ಆಮೇಲೆ ಅಲ್ಲೊಂದು ಇಲ್ಲೊಂದು. ಆದರೆ ಬೆಂಗಳೂರಿನ ನರರೋಗ ವಿಭಾಗದ ಹೊರರೋಗಿಗಳ ಸಾಲಿನಲ್ಲಿ ಇಂಥವರು ಮತ್ತೆ ಮತ್ತೆ ಬರುತ್ತಿದ್ದರು. ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಅವರನ್ನು ಒಬ್ಬೊಬ್ಬರಾಗಿ ಕೂರಿಸಿ ವಿಚಾರಿಸಿದರು, ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದರು. 1974ರಲ್ಲಿ 108 ರೋಗಿಗಳ ಅಧ್ಯಯನ ಪ್ರಕಟಿಸಿದರು. 1988ರಲ್ಲಿ ಡಾ. ಪಿ. ಸತೀಶ್‌ಚಂದ್ರ ಮತ್ತು ತಂಡ 279 ರೋಗಿಗಳ ವಿವರವನ್ನು ಜಗತ್ತಿನ ಮುಂದಿಟ್ಟಿತು. 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ತಲೆಗೆ ಬೀಳುವುದೇ ಈ ಸೆಳವಿನ ಮೂಲ ಪ್ರಚೋದನೆ ಎಂಬುದು ಖಚಿತವಾಯಿತು. ಎಷ್ಟೋ ಜನರಿಗೆ ನೀರಿನ ಬಿಸಿ ತಗ್ಗಿಸಿಕೊಳ್ಳುವುದೇ ಮೊದಲ ಚಿಕಿತ್ಸೆ. ಕೆಲವರಿಗೆ ಸ್ನಾನಕ್ಕೆ ಮುಂಚೆ ನುಂಗುವ ಒಂದು ಮಾತ್ರೆ.

ಲಂಡನ್ನಿನ ಪ್ರಯೋಗಾಲಯದಲ್ಲಿ ಈ ಪ್ರಶ್ನೆ ಹುಟ್ಟುವಂತಿರಲಿಲ್ಲ, ಅಲ್ಲಿ ಹಂಡೆಯೂ ಇಲ್ಲ, ಚೊಂಬೂ ಇಲ್ಲ. ಪ್ರಶ್ನೆ ಹುಟ್ಟಬೇಕಾದರೆ ರೋಗಿ, ಪಾಠ, ಸಂಶೋಧನೆ ಮೂರೂ ಒಂದೇ ಆವರಣದಲ್ಲಿರಬೇಕಿತ್ತು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಅಂಥದೊಂದು ಆವರಣ ಸಿದ್ಧವಾಗಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಅದರ ಈಗಿನ ಹೆಸರು ನಿಮ್ಹಾನ್ಸ್.

ಬೀಗ ಹಾಕುವ ಕೆಲಸ

ಕಥೆ ಶುರುವಾಗುವುದು 1847ರಲ್ಲಿ, ಬೆಂಗಳೂರಿನ ಲುನಾಟಿಕ್ ಅಸೈಲಂನಿಂದ. ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ್‌ಗಳ ಆಡಳಿತದಲ್ಲಿತ್ತು. ಅಸೈಲಂನ ಉದ್ದೇಶ ಸರಳ: ಬೀದಿಯಲ್ಲಿ ಅಲೆಯುವವರನ್ನು, ಮನೆಯವರ ಕೈಗೆ ಹತ್ತದವರನ್ನು ಒಳಗಿಟ್ಟು ಕಾಯುವುದು. ಕಲಿಸುವ, ಕಲಿಯುವ ಮಾತು ಅಲ್ಲಿರಲಿಲ್ಲ. ಕಾಯಿಲೆಗೆ ಮದ್ದಿದೆ ಎಂಬ ನಂಬಿಕೆಯೇ ಆಗ ಗಟ್ಟಿಯಾಗಿರಲಿಲ್ಲ.

1925ರಲ್ಲಿ ಮೈಸೂರು ಸರ್ಕಾರ ಅದಕ್ಕೆ ಮಾನಸಿಕ ಆಸ್ಪತ್ರೆ ಎಂದು ಹೆಸರಿಟ್ಟಿತು. ಡಾ. ಫ್ರಾಂಕ್ ನರೋನ್ಹಾ ಮೇಲ್ವಿಚಾರಕರಾಗಿದ್ದ ಕಾಲ ಅದು. ಮುಂದೆ 1930ರ ದಶಕದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಆಸ್ಪತ್ರೆ ಪೇಟೆಯ ಗದ್ದಲ ಬಿಟ್ಟು ಲಕ್ಕಸಂದ್ರದ ವಿಶಾಲ ಜಾಗಕ್ಕೆ ಬಂತು. ಗಿಡಮರಗಳ ನಡುವೆ ಬಿಡಿಬಿಡಿಯಾದ ವಾರ್ಡುಗಳು, ಓಡಾಡಲು ಬಯಲು. ಜೈಲಿನ ನಕ್ಷೆ ಬಿಟ್ಟು ಆಸ್ಪತ್ರೆಯ ನಕ್ಷೆ ಹಿಡಿದದ್ದೇ ಒಂದು ದೊಡ್ಡ ಹೆಜ್ಜೆ.

ಎರಡನೆಯ ಹೆಜ್ಜೆ ಡಾ. ಎಂ.ವಿ. ಗೋವಿಂದಸ್ವಾಮಿ ಅವರದು. ವಿದೇಶದಲ್ಲಿ ತರಬೇತಿ ಪಡೆದು ಬಂದ ಅವರು ಆಸ್ಪತ್ರೆಯನ್ನು ಓದುವ, ಬರೆಯುವ ಜಾಗವಾಗಿಸಿದರು. ಮನೋವೈದ್ಯಕೀಯದಲ್ಲಿ ಸ್ನಾತಕೋತ್ತರ ತರಬೇತಿ ಕೊಟ್ಟ ದೇಶದ ಮೊದಲ ಸಂಸ್ಥೆ ಎಂಬ ಹೆಸರು ಬಂದದ್ದು ಈ ಮೈಸೂರು ಸರ್ಕಾರಿ ಮಾನಸಿಕ ಆಸ್ಪತ್ರೆಗೆ.

ಆ ಕಾಲದ ಸಂಶೋಧನೆಯನ್ನು ಹೊಗಳುವಾಗ ಒಂದು ಮಾತು ಮರೆಯಬಾರದು. ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಲ್ಯೂಕಾಟಮಿ ಶಸ್ತ್ರಚಿಕಿತ್ಸೆ ಆಗ ಯುರೋಪು, ಅಮೆರಿಕಗಳಲ್ಲಿ ಹೊಸ ಭರವಸೆಯಂತೆ ಕಂಡಿತ್ತು. ಬೆಂಗಳೂರಿನಲ್ಲೂ ಅದನ್ನು ಮಾಡಿದರು; ಗೋವಿಂದಸ್ವಾಮಿ ಮತ್ತು ಬಿ.ಎನ್. ರಾವ್ ಅವರ ಲೇಖನ 1944ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಒಂದು ದಶಕ ಕಳೆಯುವಷ್ಟರಲ್ಲಿ ಕ್ಲೋರ್‌ಪ್ರೊಮಜಿನ್‌ನಂಥ ಔಷಧಗಳು ಬಂದವು, ಆ ಶಸ್ತ್ರಚಿಕಿತ್ಸೆ ಎಲ್ಲೆಡೆ ಹಿಂದೆ ಸರಿಯಿತು. ಪಶ್ಚಿಮದ ಉತ್ಸಾಹವನ್ನು ತಂದು ಇಲ್ಲಿ ಪ್ರಯೋಗಿಸುವುದಕ್ಕೂ ಇಲ್ಲಿನ ರೋಗಿಯಿಂದ ಪ್ರಶ್ನೆ ಎತ್ತಿಕೊಳ್ಳುವುದಕ್ಕೂ ಇರುವ ಅಂತರ ಇದರಲ್ಲಿ ಕಾಣುತ್ತದೆ.

ನಲವತ್ತು ಸಾವಿರಕ್ಕೆ ಒಂದು ಹಾಸಿಗೆ

1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ ದೇಶದ ಆರೋಗ್ಯ ವ್ಯವಸ್ಥೆಯನ್ನೆಲ್ಲ ಜಾಲಾಡಿತು. ಮಾನಸಿಕ ಆಸ್ಪತ್ರೆಗಳನ್ನು ನೋಡಿ ಬರೆದದ್ದು ಕರ್ನಲ್ ಮೂರ್ ಟೇಲರ್. ಬಹುಪಾಲು ಆಸ್ಪತ್ರೆಗಳು ಹಳೆಗಾಲದವು, ಕೂಡಿಹಾಕಲೆಂದೇ ಕಟ್ಟಿದವು, ಸಿಬ್ಬಂದಿಯಂತೂ ನಾಚಿಕೆಗೇಡಿನಷ್ಟು ಕಡಿಮೆ ಎಂಬುದು ಅವರ ತೀರ್ಪು. ಇಂಗ್ಲೆಂಡಿನಲ್ಲಿ ಸುಮಾರು 300 ಜನರಿಗೆ ಒಂದು ಮಾನಸಿಕ ಆಸ್ಪತ್ರೆಯ ಹಾಸಿಗೆ ಇದ್ದರೆ, ಇಲ್ಲಿ ಸುಮಾರು 40,000 ಜನರಿಗೆ ಒಂದು.

ಹಾಸಿಗೆ ಬೇಕಾದರೆ ದುಡ್ಡು ಸುರಿದು ಕೊಳ್ಳಬಹುದು. ವೈದ್ಯರನ್ನು, ದಾದಿಯರನ್ನು, ಮನಶ್ಶಾಸ್ತ್ರಜ್ಞರನ್ನು ಎಲ್ಲಿಂದ ತರುವುದು? ಅವರನ್ನು ಬೇಕಾದಷ್ಟು ಸಂಖ್ಯೆಯಲ್ಲಿ ತಯಾರಿಸುವ ಶಾಲೆ ದೇಶದಲ್ಲಿ ಇರಲಿಲ್ಲ. ತರಬೇತಿಗೆ ವ್ಯವಸ್ಥೆಯಾಗಬೇಕೆಂಬ ಸಮಿತಿಯ ಸಲಹೆಯಿಂದ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಅದಕ್ಕೆ ಜಾಗವಾಗಿ ಆಯ್ಕೆಯಾದದ್ದು ದೆಹಲಿಯಲ್ಲ, ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಮಗ್ಗುಲು. ಮೊದಲ ನಿರ್ದೇಶಕರು ಗೋವಿಂದಸ್ವಾಮಿಯವರೇ.

ವೈದ್ಯರಿಗೆ ಮನೋವೈದ್ಯಕೀಯ ಡಿಪ್ಲೊಮಾ, ಮನಶ್ಶಾಸ್ತ್ರ ಓದಿದವರಿಗೆ ಚಿಕಿತ್ಸಾ ಮನಶ್ಶಾಸ್ತ್ರದ ತರಬೇತಿ, ಬೆನ್ನಿಗೇ ದಾದಿಯರಿಗೆ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಆರಂಭವಾದವು. 1960ರ ದಶಕದ ಕೊನೆಯ ಹೊತ್ತಿಗೆ ಮನೋವೈದ್ಯಕೀಯ ಸಮಾಜಕಾರ್ಯವೂ ಸೇರಿತು. ಪಾಠ, ಪರೀಕ್ಷೆ ಲಕ್ಕಸಂದ್ರದಲ್ಲಾದರೂ ಪದವಿ ಪತ್ರ ಕೊಡುತ್ತಿದ್ದದ್ದು ಮೊದಲು ಮೈಸೂರು ವಿಶ್ವವಿದ್ಯಾಲಯ, ಆಮೇಲೆ 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯ.

ಡಾಕ್ಟರು ಹೇಳಿದ್ದನ್ನು ಉಳಿದವರು ಮಾಡುವುದು ಮಾಮೂಲಿ ಆಸ್ಪತ್ರೆಯ ರೀತಿ. ಇಲ್ಲಿ ಒಬ್ಬ ರೋಗಿಯ ಬಗ್ಗೆ ನಾಲ್ಕು ಬಗೆಯ ಓದಿನವರು ಒಟ್ಟಿಗೆ ಕೂತು ಮಾತಾಡುವ ಪದ್ಧತಿ ಬೆಳೆಯಿತು. ಮದ್ದು ಯಾವುದು ಎಂದು ಒಬ್ಬರು ಕೇಳಿದರೆ, ಮದ್ದು ಹಿಡಿದುಕೊಂಡು ಹೋಗುವ ಮನೆ ಹೇಗಿದೆ ಎಂದು ಇನ್ನೊಬ್ಬರು ಕೇಳುತ್ತಿದ್ದರು.

ಮನಸ್ಸಿನ ಪಕ್ಕದಲ್ಲಿ ಮಿದುಳು

1958ರಲ್ಲಿ ಡಾ. ಆರ್.ಎಂ. ವರ್ಮಾ ಇಲ್ಲಿ ನರಶಸ್ತ್ರಚಿಕಿತ್ಸೆ ವಿಭಾಗ ಕಟ್ಟಿದರು. ನರವಿಜ್ಞಾನ, ನರರೋಗ ಶಾಸ್ತ್ರಗಳು ಒಂದೊಂದಾಗಿ ಬಂದವು. ಮನಸ್ಸಿನ ವೈದ್ಯರು ಒಂದು ಕಡೆ, ಮಿದುಳಿನ ವೈದ್ಯರು ಇನ್ನೊಂದು ಕಡೆ ಎಂಬ ಬೇಲಿ ಬೇರೆ ದೇಶಗಳಲ್ಲಿ ಬಲವಾಗಿತ್ತು. ಹಳ್ಳಿಯಿಂದ ಬರುವ ಮನೆಯವರಿಗೆ ಆ ಬೇಲಿ ಗೊತ್ತಿರಲಿಲ್ಲ. ಫಿಟ್ಸ್ ಬಂದವರೂ, ಮಂಕು ಕವಿದವರೂ, ತಲೆಗೆ ಪೆಟ್ಟಾದವರೂ ಒಂದೇ ಗೇಟಿನಲ್ಲಿ ಬರುತ್ತಿದ್ದರು. ರೋಗಿಗಳು ತಂದ ಈ ಬೆರಕೆಯೇ ಸಂಸ್ಥೆಯ ಸ್ವರೂಪವಾಯಿತು.

ಆದರೆ ಒಂದೇ ನೆಲದಲ್ಲಿ ಇಬ್ಬರು ಯಜಮಾನರಿದ್ದರು: ಆಸ್ಪತ್ರೆ ರಾಜ್ಯ ಸರ್ಕಾರದ್ದು, ಕಲಿಸುವ ಸಂಸ್ಥೆ ಕೇಂದ್ರದ್ದು. 1974ರ ಡಿಸೆಂಬರ್ 27ರಂದು ಎರಡನ್ನೂ ಕೂಡಿಸಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್ ಎಂಬ ಸ್ವಾಯತ್ತ ಸಂಸ್ಥೆ ಮಾಡಿದರು. ವರ್ಮಾ ಮೊದಲ ನಿರ್ದೇಶಕರಾದರು. ಕೋಲಾರ ಸೀಮೆಯಲ್ಲಿ ಮಿದುಳುಜ್ವರ ಮಕ್ಕಳನ್ನು ಬಲಿ ಪಡೆದಾಗ ನರ ವೈರಾಣು ಶಾಸ್ತ್ರ ಇಲ್ಲಿ ಬೇರೂರಿತು. 1995ರಲ್ಲಿ ಡಾ. ಎಸ್.ಕೆ. ಶಂಕರ್ ಅವರ ಮುಂದಾಳತನದಲ್ಲಿ ಮಿದುಳು ಬ್ಯಾಂಕ್ ಶುರುವಾಯಿತು. ಮನೆಯವರ ಒಪ್ಪಿಗೆಯಿಂದ ದಾನವಾಗಿ ಬಂದ ಮಿದುಳುಗಳನ್ನು ಸಂಶೋಧನೆಗಾಗಿ ಅಲ್ಲಿ ಕಾದಿಡುತ್ತಾರೆ.

ಗೋಡೆಯಾಚೆಯ ತರಗತಿ

ಎಷ್ಟು ತಜ್ಞರನ್ನು ತಯಾರಿಸಿದರೂ ಅವರು ನಗರ ಬಿಟ್ಟು ಹೋಗುವುದಿಲ್ಲ ಎಂಬುದು 1970ರ ದಶಕದಲ್ಲೇ ಮನದಟ್ಟಾಯಿತು. ಉಡುಪಿ ಬಳಿಯ ಕೋಟ ಗ್ರಾಮದಲ್ಲಿ ಮನೆಮನೆಯ ಮಾನಸಿಕ ಸಂಕಟಗಳನ್ನು ಅಧ್ಯಯನ ಮಾಡಿದ್ದ ಡಾ. ಆರ್.ಎಲ್. ಕಪೂರ್ ನಿಮ್ಹಾನ್ಸಿಗೆ ಬಂದು 1975ರಲ್ಲಿ ಸಮುದಾಯ ಮಾನಸಿಕ ಆರೋಗ್ಯ ಘಟಕ ಕಟ್ಟಿದರು. ಬನ್ನೇರುಘಟ್ಟ ರಸ್ತೆಯಾಚೆಯ ಸಕಲವಾರ ಅದರ ಪ್ರಯೋಗಭೂಮಿಯಾಯಿತು.

ಪ್ರಶ್ನೆ ನೇರವಾಗಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ಎಂಬಿಬಿಎಸ್ ಡಾಕ್ಟರು, ಸೈಕಲ್ಲಿನಲ್ಲಿ ಊರೂರು ಸುತ್ತುವ ಆರೋಗ್ಯ ಕಾರ್ಯಕರ್ತ, ಇವರಿಗೆ ಕೆಲವೇ ದಿನ ಕಲಿಸಿದರೆ ತೀವ್ರ ಮನೋರೋಗವನ್ನೂ ಫಿಟ್ಸನ್ನೂ ಅವರು ಗುರುತಿಸಬಲ್ಲರೇ? ಬೆರಳೆಣಿಕೆಯ ಔಷಧಗಳಲ್ಲಿ ನಿಭಾಯಿಸಬಲ್ಲರೇ? ಮಾಗಡಿ ತಾಲ್ಲೂಕಿನ ಸೋಲೂರಿನಲ್ಲಿ ನೋಡಿದರು. 1985ರಿಂದ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ನೋಡಿದರು. ಪಾಠವನ್ನು ತಜ್ಞರ ಭಾಷೆಯಿಂದ ಕಳಚಿ ಕೈಪಿಡಿಯಾಗಿಸಬೇಕಿತ್ತು, ಔಷಧ ಕೇಂದ್ರದ ಕಪಾಟಿನಲ್ಲೇ ಸಿಗಬೇಕಿತ್ತು, ಅನುಮಾನ ಬಂದಾಗ ಕೇಳಲು ಜಿಲ್ಲೆಯಲ್ಲಿ ಒಬ್ಬ ಮನೋವೈದ್ಯ ಇರಬೇಕಿತ್ತು. ಇಷ್ಟಿದ್ದರೆ ಕೆಲಸ ಆಗುತ್ತದೆ ಎಂದು ಬಳ್ಳಾರಿ ತೋರಿಸಿತು. 1982ರಲ್ಲೇ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಕಾಗದದ ಮೇಲಿತ್ತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಇದೇ ಬಳಗದ ಡಾ. ಸಿ.ಆರ್. ಚಂದ್ರಶೇಖರ್ ಮನೋರೋಗದ ತಿಳಿವನ್ನು ಸಾಲು ಸಾಲು ಕನ್ನಡ ಪುಸ್ತಕಗಳಲ್ಲಿ ಜನರ ಕೈಗಿತ್ತರು. 2005ರ ನಂತರ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಅವರ ಮನೆಗಳಲ್ಲೇ ಗುರುತಿಸಿ ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೂ ಇದೇ ದಾರಿಯದು. ಔಷಧ ಸಿಕ್ಕವರ ದೈನಂದಿನ ಬದುಕು ಸುಧಾರಿಸಿತು, ಸಿಗದವರ ಅಸಾಮರ್ಥ್ಯ ಹೆಚ್ಚೇ ಉಳಿಯಿತು ಎಂದು ಅದು ಹಳ್ಳಿಯ ನೆಲದಲ್ಲೇ ಸಾಬೀತು ಮಾಡಿತು.

ಉಳಿದಿರುವ ಬಾಕಿ

1994ರ ನವೆಂಬರ್ 14ರಂದು ನಿಮ್ಹಾನ್ಸಿಗೆ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕಿತು. ತನ್ನ ಪದವಿಯನ್ನು ತಾನೇ ಕೊಡುವಂತಾಯಿತು. 2012ರಲ್ಲಿ ರಾಷ್ಟ್ರೀಯ ಮಹತ್ವದ ಸಂಸ್ಥೆ ಎನಿಸಿತು. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ (14416) ಇದೇ ಮುಖ್ಯ ಕೇಂದ್ರ.

ಗೌರವಗಳ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನೂ ಇಡಬೇಕು. ನಿಮ್ಹಾನ್ಸ್ ನೇತೃತ್ವದಲ್ಲೇ 2015–16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ತಲುಪಿರಲಿಲ್ಲ.

ಇದಕ್ಕೆ ಕಾರಣ ಹಲವು. ಒಂದು ಕಾರಣವಂತೂ ವಿಶ್ವವಿದ್ಯಾಲಯಗಳ ಕೈಯಲ್ಲೇ ಇದೆ. ನಾಲ್ಕೂವರೆ ವರ್ಷದ ಎಂಬಿಬಿಎಸ್ ಓದಿನಲ್ಲಿ ಮನೋವೈದ್ಯಕೀಯಕ್ಕೆ ಸ್ವಂತದ ಪರೀಕ್ಷೆ ಇಲ್ಲ, ಮೆಡಿಸಿನ್ ಪತ್ರಿಕೆಯೊಳಗೆ ಅದೊಂದು ಮೂಲೆ. ಪರೀಕ್ಷೆಯಲ್ಲಿ ತೂಕವಿಲ್ಲದ್ದನ್ನು ವಿದ್ಯಾರ್ಥಿಗಳು ಮನಸ್ಸಿಟ್ಟು ಓದುವುದು ಕಡಿಮೆ. ಬಳ್ಳಾರಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ವೈದ್ಯರಿಗೆ ಕಲಿಸಿದ್ದನ್ನು ಕಾಲೇಜಿನಲ್ಲೇ ಕಲಿಸಿದ್ದರೆ ಅರ್ಧ ದಾರಿ ಸವೆದಿರುತ್ತಿತ್ತು.

ಎರಡನೆಯ ಬಾಕಿ ಸಂಶೋಧನೆಯದು. ರಾಜ್ಯದ ವೈದ್ಯಕೀಯ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳೆಲ್ಲ ಪ್ರಬಂಧ ಬರೆಯಲೇಬೇಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಉಳಿದ ವಿಶ್ವವಿದ್ಯಾಲಯಗಳೂ ಅವರ ಮಾರ್ಗದರ್ಶಕರಿಗೆ ಒಂದು ಮಾತು ಹೇಳಲಿ: ವಿಷಯವನ್ನು ವಿದೇಶಿ ಪತ್ರಿಕೆಯಿಂದ ಎತ್ತಬೇಡಿ, ನಿಮ್ಮ ಹೊರರೋಗಿಗಳ ಸಾಲಿನಿಂದ ಎತ್ತಿ. ನಿಮ್ಹಾನ್ಸಿಗೆ ಹೆಸರು ತಂದ ಕೆಲಸಗಳು ಹುಟ್ಟಿದ್ದು ಹಾಗೆಯೇ. ರಾಯಚೂರು, ಕಾರವಾರ, ಚಾಮರಾಜನಗರದ ಕಾಲೇಜುಗಳ ಮುಂದೆಯೂ ದಿನಾ ಬೆಳಿಗ್ಗೆ ರೋಗಿಗಳು ಸಾಲುಗಟ್ಟುತ್ತಾರೆ. ಅವರನ್ನು ವಿಚಾರಿಸಿ ಬರೆದಿಡುವ ಶಿಸ್ತು ಬಂದರೆ, ಸಂಶೋಧನೆಗೆ ಬೆಂಗಳೂರೊಂದೇ ದಿಕ್ಕಾಗಿ ಉಳಿಯಬೇಕಿಲ್ಲ.